ಹತ್ತನೆಯ ಅರ್ಜಿ

ಇವತ್ತು ಮಾಡಿದ್ದು ಇಷ್ಟು. ಐದೂವರೆಗೆ ಎದ್ದು ನಳಕ್ಕೆ ಪೈಪು ಹಚ್ಚಿದೆ. ನೀರು ಬರುವ ದಿನವಾದ್ದರಿಂದ ಎರಡು ಡ್ರಮ್ಮು, ಆರು ಕೊಡ, ಕೊನೆಗೆ ನೆಲ ಒರೆಸುವ ಬಕೀಟೂ ತುಂಬಿತು. ಅತ್ತೆಗೆ ಬಿ.ಪಿ. ಗುಳಿಗೆ ಕೊಟ್ಟೆ. ಹದಿನಾಲ್ಕು ರೊಟ್ಟಿ ಬಡಿದೆ, ಅದರಲ್ಲಿ ಒಂದು ಹರಿಯಿತು, ಅದನ್ನು ನಿಂತಲ್ಲೇ ತಿಂದೆ. ಹೆಸರುಕಾಳು ಕುದಿಯಲು ಇಟ್ಟು ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಚಟ್ನಿಯ ಡಬ್ಬಿ ತಳ ಕಂಡಿತ್ತು; ಶೇಂಗಾ ಹುರಿದಿಟ್ಟೆ, ಕುಟ್ಟುವುದು ಸಂಜೆಗೆ ಇರಲಿ ಎಂದುಕೊಂಡೆ. ಕಾಲೇಜಿಗೆ ಹೋಗಿ ಆಫೀಸಿನ ಕಿಟಕಿ ತೆರೆದೆ, ಕೌಂಟರು ಒರೆಸಿದೆ, ಶಿಕ್ಕಾ ಒತ್ತುವ ಪ್ಯಾಡಿಗೆ ಎರಡು ಹನಿ ಮಸಿ ಹಾಕಿದೆ. ಏಳು ಟಿ.ಸಿ. ಬರೆದೆ. ಎಂಟನೆಯದನ್ನು ಬರೆಯುತ್ತಿದ್ದಾಗ ಸಾಲೋಟಗಿಯ ಹುಡುಗಿ ಬಂದಳು.

ನಾನು ಇಂಡಿ ಎಂಬ ಊರಿನ ಒಂದು ಪದವಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಕಾಲೇಜಿನ ಹೆಸರು ಬೇಡ. ನಾನು ಬರೆಯಲು ಕುಳಿತಿರುವುದು ಕಾಲೇಜಿನ ತಪ್ಪನ್ನಲ್ಲ, ನನ್ನದನ್ನು. ಪ್ರವೇಶ, ಪರೀಕ್ಷೆಯ ಅರ್ಜಿ, ಟಿ.ಸಿ. ಇವು ನನ್ನ ಮೇಜಿನ ಕೆಲಸ. ಹುಟ್ಟಿದ್ದು ಬಸವನ ಬಾಗೇವಾಡಿಯಲ್ಲಿ, ಓದಿದ್ದು ಮುದ್ದೇಬಿಹಾಳದಲ್ಲಿ, ನೌಕರಿಗೆ ಮೊದಲು ಹತ್ತಿದ್ದು ಸಿಂದಗಿಯಲ್ಲಿ. ಇಂಡಿಗೆ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಬರವಣಿಗೆಯಲ್ಲಿ ತಪ್ಪು ಹುಡುಕಿ ಯಾರೂ ಅರ್ಜಿ ತಿರುಗಿ ಕಳಿಸಿಲ್ಲ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಟವೂ ನನಗಿತ್ತು.

ಕೌಂಟರಿನ ಮೇಲೆ ಮೊದಲು ಒಂದು ಕೈಚೀಲ ಬಂತು, ಅದರ ಹಿಂದೆ ಅವಳ ಮುಖ.

“ನಮಸ್ಕಾರ್ರಿ ಅಕ್ಕಾರ. ಗುರುತ ಸಿಕ್ತೇನ್ರಿ?”

“ಸಿಗಲಾರದೇನವಾ? ಸಾಲೋಟಗಿ ಬಸ್ಸಿನಾಕಿ. ಏನ ಇದು?”

“ಲಿಂಬಿಹಣ್ರಿ. ಅಬ್ಬಾ ಕಳಿಸ್ಯಾರ. ಕಾಲೇಜಿನ್ಯಾಗ ಯಾರ್ಯಾರು ನಿನ್ನ ಚಲೋ ನೋಡ್ಕೊಂಡಾರ, ಅವ್ರಿಗೆ ಕೊಟ್ಟು ಬಾ ಅಂದ್ರು. ಮೊದಲ ನಿಮ್ಮ ಕಡೇನ ಬಂದೆ.”

ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ ನಮ್ಮ ಸಿಪಾಯಿ ಕತ್ತು ಚಾಚಿದ. “ಅಂದ್ರ ನಾವು ನೋಡ್ಕೊಂಡಿಲ್ಲ ಅಂದಂಗಾತು.”

“ನೀವು ಬರೇ ಗಂಟಿ ಬಾರಸಿ ಹೊರಗ ಹಾಕೇರಿ ಕಾಕಾ,” ಎಂದಳು. ಅಂದರೂ ಚೀಲದಿಂದ ನಾಲ್ಕು ಹಣ್ಣು ಆರಿಸಿ ಅವನ ಕೈಗಿಟ್ಟಳು.

ಅವಳ ತಂದೆ ಇಂಡಿಯ ಮಾರುಕಟ್ಟೆಯಲ್ಲಿ ಲಿಂಬೆಯ ದಲಾಲಿ ಮಾಡುವವರು. ಹುಡುಗಿ ಬಿ.ಕಾಂ. ಮುಗಿಸಿದ್ದಳು, ಒಳ್ಳೆಯ ಅಂಕಗಳೂ ಬಂದಿದ್ದವು. ಮುಂದೇನು ಎಂದು ಕೇಳಿದೆ. ಟಿ.ಸಿ. ಬರೆಯುವಾಗ ಎಲ್ಲರನ್ನೂ ಕೇಳುತ್ತೇನೆ, ಕೈಗೆ ಬೇಸರ ಬಾರದಿರಲಿ ಎಂದು.

“ಕಲ್ಲಿನ ಶಾಸನ ಓದೂದು ಕಲಿಸ್ತಾರ್ರಿ, ಯುನಿವರ್ಸಿಟಿಯಾಗ. ಒಂದು ವರ್ಷದ್ದು. ಅದಕ್ಕ ಹೊಂಟೇನಿ,” ಎಂದಳು. ಹೇಳುವಾಗ ಮುಖದಲ್ಲಿ ಸಂಕೋಚವೂ ಇತ್ತು, ಹೆಮ್ಮೆಯೂ ಇತ್ತು. “ಆದ್ರ ಒಂದು ತೊಡಕೈತ್ರಿ. ಡಿಗ್ರಿಯಾಗ ಇತಿಹಾಸ ಅಂತ ಒಂದು ಪೇಪರ್‌ರ ಇರಬೇಕಂತ. ನನ್ನ ಮಾರ್ಕ್ಸ್ ಕಾರ್ಡಿನ್ಯಾಗ ಇಲ್ಲ.”

“ಹೌದಾ?” ಎಂದೆ. ಪೆನ್ನು ನಡೆಯುತ್ತಲೇ ಇತ್ತು.

“ಅದಕ್ಕ ನೀವು ಒಂದು ಪತ್ರ ಕೊಡಬೇಕ್ರಿ ಅಕ್ಕಾರ. ನಾಲ್ಕನೇ ಸೆಮಿಸ್ಟರಿನ್ಯಾಗ ನಾ ಶಾಸನದ ಪೇಪರ್ ತುಂಬಿದ್ದೆ, ಸಿಸ್ಟಮ್‌ನ್ಯಾಗ ಬ್ಯಾರೆ ಬಂತು. ನೀವ ಹೇಳಿದ್ರಲ್ರಿ ಅವತ್ತು. ಅದನ್ನ ಒಂದು ಹಾಳಿ ಮ್ಯಾಲ ಬರದು ಶಿಕ್ಕಾ ಒತ್ತಿ ಕೊಟ್ರ ಸಾಕು. ಶುಕ್ರವಾರ ಕಡೀ ದಿನ ಐತ್ರಿ.”

ಎಂಟನೆಯ ಟಿ.ಸಿ.ಯನ್ನು ಆಮೇಲೆ ನೋಡಿದೆ. ತಂದೆಯ ಹೆಸರು ಬರೆಯುವ ಜಾಗದಲ್ಲಿ ವಿದ್ಯಾರ್ಥಿಯ ಹೆಸರನ್ನೇ ಮತ್ತೊಮ್ಮೆ ಬರೆದಿದ್ದೆ.

“ಕೂಡವಾ,” ಎಂದೆ. “ಊಟದ ಹೊತ್ತು ಆಗ್ಲಿ, ನೋಡೂಣಂತ.”

ಆಕೆ ಗೋಡೆಯ ಬೆಂಚಿನ ಮೇಲೆ ಕುಳಿತಳು. ಹನ್ನೆರಡೂ ಆಗಿರಲಿಲ್ಲ. ಊಟದ ಹೊತ್ತು ಆಗುವವರೆಗೆ ನನ್ನ ತಲೆಯಲ್ಲಿ ಏನೇನು ಓಡಿತೋ ಅದನ್ನು ಸರದಿಯಂತೆ ಬರೆಯುತ್ತೇನೆ.

ಆ ವರ್ಷಗಳಲ್ಲಿ ಪದವಿಗೆ ಹೊಸ ಪಠ್ಯಕ್ರಮ ಬಂದಿತ್ತು. ತಮ್ಮ ತಮ್ಮ ವಿಷಯದ ಜೊತೆಗೆ ಪ್ರತಿಯೊಬ್ಬರೂ ಬೇರೆ ವಿಭಾಗದ ಒಂದು ಪತ್ರಿಕೆಯನ್ನು ತಮಗೆ ಮನಸ್ಸಿದ್ದಂತೆ ಆರಿಸಿ ಓದಬೇಕು. ಕಾಮರ್ಸಿನವರು ಇತಿಹಾಸ ಓದಬಹುದು, ಇತಿಹಾಸದವರು ಗಿಡಮೂಲಿಕೆ ಓದಬಹುದು. ಓಪನ್ ಇಲೆಕ್ಟಿವ್ ಎಂದು ಅದರ ಹೆಸರು. ನಾಲ್ಕು ಸೆಮಿಸ್ಟರಿನವರೆಗೆ ಮಾತ್ರ ಅದು. ಐದರಿಂದ ಮತ್ತೆ ತಮ್ಮ ವಿಷಯವೇ. ಮುಂದೆ ಹೊಸದಾಗಿ ಸೇರಿದವರಿಗೆ ಆ ಪದ್ಧತಿಯೇ ಬದಲಾಯಿತು.

ಕಾಗದದ ಮೇಲೆ ಅದು ಚಂದವಿತ್ತು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅರ್ಜಿಯಲ್ಲಿ ಒಂದು ಖಾಲಿ ಜಾಗವಾಗಿ ಬಂತು. ಹುಡುಗರು ಆ ಜಾಗವನ್ನು ಖಾಲಿ ಬಿಟ್ಟೇ ಅರ್ಜಿ ಕೊಡುತ್ತಿದ್ದರು. “ಎಲ್ಲಾರ್ದು ಏನ ಹಾಕ್ತೀರಿ, ನಂದೂ ಅದ ಹಾಕ್ರಿ ಅಕ್ಕಾರ” ಎನ್ನುವುದು ವಾಡಿಕೆ. ಯಾವ ಲೆಕ್ಚರರಿಗೆ ವಾರದ ಗಂಟೆಗಳು ಕಡಿಮೆ ಬಿದ್ದಿವೆಯೋ ಅವರ ಪತ್ರಿಕೆಯನ್ನು ಇಡೀ ಕ್ಲಾಸಿಗೆ ಹಾಕುವುದು ಕಾಲೇಜಿನ ವಾಡಿಕೆ. ಆ ಎರಡು ವಾಡಿಕೆಗಳ ನಡುವೆ ಅರ್ಜಿ ತುಂಬುವವಳು ನಾನು.

ತುಂಬುವ ರೀತಿಯನ್ನು ನಾನು ಕಲಿತದ್ದು ಸಿಂದಗಿಯಲ್ಲಿ, ನನಗಿಂತ ಹಿರಿಯರಾದ ಒಬ್ಬ ಗುಮಾಸ್ತರಿಂದ. ಕ್ಲಾಸಿನ ಅರ್ಜಿಗಳನ್ನೆಲ್ಲ ಒಂದು ಗಂಟು ಮಾಡಿ ದಾರ ಕಟ್ಟುತ್ತಿದ್ದರು. ಮೇಲಿನ ಅರ್ಜಿಯನ್ನು ಅಚ್ಚುಕಟ್ಟಾಗಿ ತುಂಬಿ, “ತಂಗೀ, ಮ್ಯಾಲಿಂದು ನೋಡು, ಕೆಳಗಿನವು ತಾವಾಗೇ ಬರ್ತಾವ” ಎನ್ನುತ್ತಿದ್ದರು. ಹೆಸರು, ನಂಬರು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಒಂದು ಗಂಟಿಗೆ ಒಂದೇ ಉತ್ತರ. ಬೇಗ ಆಗುತ್ತದೆ, ತಪ್ಪಾಗುವುದಿಲ್ಲ. ನಾನು ಈ ಪದ್ಧತಿಯನ್ನು ಇಂಡಿಗೂ ತಂದೆ. ಕಂಪ್ಯೂಟರ್ ಬಂದ ಮೇಲೂ ದಾರ ಕಟ್ಟುವುದನ್ನು ಬಿಡಲಿಲ್ಲ.

ಆ ಹುಡುಗಿಯ ನಾಲ್ಕನೆಯ ಸೆಮಿಸ್ಟರಿನ ಹೊತ್ತಿಗೆ ನಮ್ಮಲ್ಲಿ ಇತಿಹಾಸಕ್ಕೆ ಒಬ್ಬ ಅತಿಥಿ ಉಪನ್ಯಾಸಕರು ಬರುತ್ತಿದ್ದರು. ಸಿಂದಗಿಯಲ್ಲಿ ಮನೆ, ದೇವಣಗಾಂವದಲ್ಲಿ ಹೊಲ. ದಿನಾಲೂ ಬಸ್ಸು. ಭುಜದ ಚೀಲದಲ್ಲಿ ಒಂದು ಬ್ರಷ್ಷು, ಮಸಿಯ ಡಬ್ಬಿ, ಸುತ್ತಿದ ಕಾಗದ ಯಾವಾಗಲೂ ಇರುತ್ತಿದ್ದವು. ರಜೆಯ ದಿನ ಯಾವುದಾದರೂ ಹಳ್ಳಿಗೆ ಹೋಗಿ ಕಲ್ಲಿನ ಮೇಲೆ ಒದ್ದೆ ಕಾಗದ ಹಚ್ಚಿ, ಮಸಿ ಬಡಿದು ಅಕ್ಷರಗಳ ಅಚ್ಚು ತೆಗೆದುಕೊಂಡು ಬರುತ್ತಿದ್ದರು. ಅದನ್ನು ಸ್ಟಾಫ್ ರೂಮಿನಲ್ಲಿ ದಾರ ಕಟ್ಟಿ ಒಣಹಾಕುತ್ತಿದ್ದರು. “ಸರ್, ದೋತರ ಒಣಾ ಹಾಕಿದಂಗ ಕಾಣಸ್ತೈತಿ” ಎಂದು ಸಿಪಾಯಿ ನಗುತ್ತಿದ್ದ. “ಇದು ನಮ್ಮ ಮುತ್ಯಾಂದ ದೋತರೋ ಮಾರಾಯಾ, ಮುಟ್ಟಬ್ಯಾಡ” ಎನ್ನುತ್ತಿದ್ದರು ಅವರು.

ಹುಡುಗಿ ಒಂದು ದಿನ ಪರೀಕ್ಷೆಯ ಫೀ ಕಟ್ಟಲು ಬಂದವಳು ಆ ಕಾಗದದ ಮುಂದೆ ನಿಂತುಬಿಟ್ಟಳು. ಯಾವೂರು ಎಂದು ಮಾಸ್ತರು ಕೇಳಿದರು. ಸಾಲೋಟಗಿ ಎಂದಳು. ಮಾಸ್ತರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

“ಸಾಲೋಟಗಿಯಾಕಿ ಆಗಿ ಇದನ್ನ ಹೊರಗ ನಿಂತು ನೋಡ್ತೀಯಲ್ಲವಾ! ನಿಮ್ಮೂರಾಗ ಹಿಂದಕ ದೊಡ್ಡ ಸಾಲಿ ಇತ್ತು. ಕಲ್ಲಿನ್ಯಾಗ ಬರದೈತಿ. ದೂರದ ದೇಶದಿಂದ ಓದಾಕ ಬರ್ತಿದ್ರು. ಬಂದವ್ರಿಗೆ ಇರಾಕ ಮನಿ, ರಾತ್ರಿ ಓದಾಕ ದೀಪದ ಎಣ್ಣಿ, ಅದಕ್ಕಂತ ಹೊಲ ಬಿಟ್ಟಿದ್ರು. ಊರಾಗ ಮದಿವಿ ಆದ್ರ ಸಾಲಿಗೆ ಇಷ್ಟು ಅಂತ ಕೊಡಬೇಕಿತ್ತು.”

“ದೀಪದ ಎಣ್ಣಿದೂ ಬರದಾರೇನ್ರಿ?” ಎಂದು ಹುಡುಗಿ ಕೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಬಾಗಿಲು ತೆರೆದಿತ್ತು, ನನ್ನ ಮೇಜು ಎದುರಿಗೇ. “ಅದನ್ನ ಓದಾಕ ಕಲೀಬಹುದೇನ್ರಿ ಸರ್, ನಾ ಕಾಮರ್ಸ್‌ನಾಕಿ?”

“ಅದಕ್ಕ ಅಲ್ಲೇನವಾ ಓಪನ್ ಇಲೆಕ್ಟಿವ್ ಕೊಟ್ಟಿದ್ದು? ಈ ಸಲ ಶಾಸನದ್ದ ಒಂದು ಪೇಪರ್ ಇಡಾಕತ್ತೇನಿ. ಹತ್ತು ಮಂದಿ ಆಗಬೇಕು ಅಷ್ಟ. ನೀ ತುಂಬು.”

ಇದೆಲ್ಲ ನನ್ನ ಕಿವಿಯ ಮುಂದೆಯೇ ನಡೆಯಿತು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮತ್ತೊಂದು ಮಾತಿದೆ. ಆ ಜಾಗದ ಬೆಲೆ ತಿಳಿಯದವಳು ನಾನಾಗಿದ್ದರೆ ಇಷ್ಟು ಕೊರಗುತ್ತಿರಲಿಲ್ಲ. ಮುದ್ದೇಬಿಹಾಳದಲ್ಲಿ ಸೋದರಮಾವನ ಮನೆಯಲ್ಲಿದ್ದು ನಾನು ಓದಿದ್ದೂ ಬಿ.ಕಾಂ.ನೇ. ಅಲ್ಲಿ ತರ್ಕಶಾಸ್ತ್ರದ ಮಾಸ್ತರೊಬ್ಬರು ಶನಿವಾರದ ಕೊನೆಯ ಗಂಟೆಯಲ್ಲಿ ಎಲ್ಲ ವಿಭಾಗದವರನ್ನೂ ಬೇವಿನ ಗಿಡದ ಕೆಳಗೆ ಕೂಡಿಸುತ್ತಿದ್ದರು. ಆಗ ಓಪನ್ ಇಲೆಕ್ಟಿವ್ ಎಂಬ ಹೆಸರೇ ಇರಲಿಲ್ಲ. ಹಾಜರಿ ಇಲ್ಲ, ಪರೀಕ್ಷೆ ಇಲ್ಲ. ಒಂದು ಸಲ, ಮುಂದಿನ ವಾರ ಬರುವಾಗ ನಿಮ್ಮ ನಿಮ್ಮ ಊರಿನ ಒಂದು ಹಿಡಿ ಮಣ್ಣು ತನ್ನಿರಿ ಎಂದರು. ನಾನು ಬಾಗೇವಾಡಿಗೆ ಹೋದಾಗ ಮನೆಯ ಹಿಂದಿನ ಹೊಲದ ಎರೆಮಣ್ಣನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದೆ; ಡಬ್ಬಿ ಹಾಳು ಮಾಡಿದಳೆಂದು ಅವ್ವ ಬೈದದ್ದೂ ಆಯಿತು. ಒಬ್ಬ ಹುಡುಗ ಎರಡು ಪೊಟ್ಟಣ ತಂದಿದ್ದ.

“ಎರಡ್ಯಾಕೋ?” ಎಂದು ಮಾಸ್ತರು ಕೇಳಿದರು.

“ಒಂದು ಅಪ್ಪನ ಪಾಲಿಂದ್ರಿ ಸರ್, ಒಂದು ಕಾಕಾನ ಪಾಲಿಂದು. ಕೂಡಸಬ್ಯಾಡ್ರಿ, ಕೋರ್ಟಿನ್ಯಾಗ ಕೇಸ್ ಐತಿ.”

ಬೇವಿನ ಗಿಡದ ಕೆಳಗಿದ್ದವರೆಲ್ಲ ನಕ್ಕರು. ಆಮೇಲೆ ವಿಜ್ಞಾನದವರು ಮಣ್ಣಿಗೆ ನೀರು ಹಾಕಿ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿದರು. ನಾವು ಕಾಮರ್ಸಿನವರು ಯಾವ ಮಣ್ಣಿನಲ್ಲಿ ಯಾವ ಪೀಕು, ಅದು ಯಾವ ಪೇಟೆಗೆ ಹೋಗುತ್ತದೆ ಎಂದು ಹೇಳಿದೆವು. ಕಲಾ ವಿಭಾಗದ ಒಬ್ಬ ಹುಡುಗಿ ತನ್ನ ಊರಿನ ಹೊಲಗಳಿಗೆಲ್ಲ ಹೆಸರುಗಳಿವೆ ಎಂದು ಹೇಳಿ ಒಂದೊಂದು ಹೆಸರಿನ ಹಿಂದಿನ ಕಥೆ ಹೇಳಿದಳು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ನಾನು ಓದಿದ ಬಿ.ಕಾಂ.ನಲ್ಲಿ ಇವತ್ತು ನನಗೆ ಪೂರ್ತಿಯಾಗಿ ನೆನಪಿರುವುದು ಆ ಒಂದು ಗಂಟೆ. ಒದ್ದೆಯಾದ ಮೇಲೆ ಬಾಗೇವಾಡಿಯ ಮಣ್ಣಿಗೆ ಬಂದ ವಾಸನೆಯೂ ನೆನಪಿದೆ.

ಇಷ್ಟು ನೆನಪಿಟ್ಟುಕೊಂಡವಳು ಹಾಗೆ ಮಾಡಿದೆ.

ಅರ್ಜಿಗಳನ್ನು ಕಂಪ್ಯೂಟರಿಗೆ ಹಾಕಲು ಅವತ್ತು ಸಂಜೆ ಐದು ಕೊನೆಯ ಹೊತ್ತು. ಬಿ.ಕಾಂ. ಗಂಟು ಬಿಚ್ಚಿದೆ. ಮೇಲಿನವರೆಲ್ಲರದೂ ಆ ಜಾಗ ಖಾಲಿ. ಆ ಸಲ ಗಂಟೆಗಳು ಕಡಿಮೆ ಬಿದ್ದಿದ್ದ ಅರ್ಥಶಾಸ್ತ್ರದ ಪತ್ರಿಕೆಯನ್ನು ಮೇಲಿನ ಅರ್ಜಿಗೆ ಬರೆದು, ಒಂದಾದ ಮೇಲೊಂದು ತುಂಬುತ್ತ ಹೋದೆ. ಗಂಟಿನ ನಡುವೆ ಅವಳ ಅರ್ಜಿ ಬಂತು. ಆ ಜಾಗದಲ್ಲಿ ನೀಲಿ ಶಾಯಿಯಲ್ಲಿ, ದುಂಡಾದ ಅಕ್ಷರಗಳಲ್ಲಿ ಬರೆದಿತ್ತು: ಶಾಸನಗಳು ಮತ್ತು ಸ್ಮಾರಕಗಳು.

ನನ್ನ ತಲೆಗೆ ಮೊದಲು ಬಂದದ್ದು ಬಸ್ಸು. ಆ ಪತ್ರಿಕೆಯ ತಾಸು ದಿನದ ಕೊನೆಗೆ, ಬಿ.ಎ.ಯವರ ಜೊತೆಗೆ. ಇಡೀ ಕಾಮರ್ಸಿನಿಂದ ಇವಳೊಬ್ಬಳೇ. ನಾಲ್ಕೂ ಕಾಲಿನ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ. ಹೆಣ್ಣುಹುಡುಗಿ, ಅಷ್ಟು ಹೊತ್ತು ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ನಾಳೆ ಅವಳ ತಂದೆ ಬಂದು ನನ್ನನ್ನೇ ಕೇಳುತ್ತಾರೆ. ಮಾಸ್ತರ ಮಾತಿಗೆ ಆ ಹೊತ್ತಿನ ಹುರುಪಿನಲ್ಲಿ ಬರೆದಿದ್ದಾಳೆ, ಆಮೇಲೆ ಅಳುತ್ತಾಳೆ ಎಂದುಕೊಂಡೆ. ಇವೆಲ್ಲ ತಾಯಿಯ ಯೋಚನೆಗಳೆಂದೇ ನನಗೆ ಅನ್ನಿಸಿತ್ತು. ಗಂಟಿನಲ್ಲಿ ಒಂದೇ ಒಂದು ಬೇರೆಯಾದದ್ದು ನನ್ನ ಕಣ್ಣಿಗೆ ಚುಚ್ಚಿತು ಎನ್ನುವುದೂ ನಿಜ. ವೈಟ್ನರ್ ಹಚ್ಚಿದೆ, ಊದಿ ಆರಿಸಿದೆ, ಅದರ ಮೇಲೆ ಅರ್ಥಶಾಸ್ತ್ರ ಎಂದು ಬರೆದೆ. ಹಂಚಿನ ಮೇಲೆ ಒಂದು ರೊಟ್ಟಿ ತಿರುವಿ ಹಾಕುವಷ್ಟೂ ಹೊತ್ತು ಹಿಡಿಯಲಿಲ್ಲ.

ಅವಳ ಕ್ಲಾಸು ಅವತ್ತು ವರಾಂಡದ ತುದಿಯ ಕೋಣೆಯಲ್ಲಿ ನಡೆಯುತ್ತಿತ್ತು. ಸಿಪಾಯಿಯನ್ನು ಕಳಿಸಿ ಕರೆಸಬಹುದಿತ್ತು. ಕರೆಸಲಿಲ್ಲ.

ನಾಲ್ಕೂವರೆಗೆ ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆದರು. ಅರ್ಥಶಾಸ್ತ್ರದ ಲೆಕ್ಚರರೂ ಅಲ್ಲೇ ಕುಳಿತಿದ್ದರು.

“ಶಾಸನದ ಪೇಪರಿಗೆ ಎಷ್ಟು ಆದುವು?”

“ಒಂಬತ್ತು ರೀ ಸರ್.”

“ಹತ್ತಿಲ್ಲಂದ್ರ ನಡಸಾಕ ಬರಂಗಿಲ್ಲ. ಒಂಬತ್ತೂ ಮಂದೀನ ಎಕನಾಮಿಕ್ಸಿಗೆ ಹಾಕಿಬಿಡ್ರಿ.”

ಇನ್ನೂ ಅರ್ಧ ತಾಸು ಉಳಿದಿತ್ತು. ಹತ್ತನೆಯ ಅರ್ಜಿ ನನ್ನ ಮೇಜಿನ ಮೇಲಿನ ಗಂಟಿನಲ್ಲಿತ್ತು, ಅದರ ಮೇಲಿನ ಬಿಳಿ ಬಣ್ಣ ಪೂರ್ತಿ ಆರಿರಲೂ ಇಲ್ಲ. ಬಾಯಿ ಬಿಟ್ಟರೆ ಅರ್ಜಿ ತಿದ್ದಿದ್ದನ್ನು ಹೇಳಬೇಕು, ಅದೂ ಇನ್ನೊಬ್ಬರ ಎದುರಿಗೆ. ನನ್ನ ಬರವಣಿಗೆಯಲ್ಲಿ ತಪ್ಪಿಲ್ಲ ಎನ್ನುತ್ತಿದ್ದವಳಲ್ಲವೇ ನಾನು! “ಹೂಂ ರೀ ಸರ್” ಎಂದು ಹೊರಗೆ ಬಂದೆ. ಬಸ್ಸಿನ ಯೋಚನೆಯನ್ನು ಯಾರಾದರೂ ಕ್ಷಮಿಸಬಹುದು. ಈ ಅರ್ಧ ತಾಸನ್ನು ನಾನೇ ಇನ್ನೂ ಕ್ಷಮಿಸಿಕೊಂಡಿಲ್ಲ.

ಮರುದಿನ ಇತಿಹಾಸದ ಮಾಸ್ತರು ಬಂದರು. “ಅಕ್ಕಾರ, ಕಾಮರ್ಸ್ ಹುಡುಗಿ ಒಬ್ಬಾಕಿ ತುಂಬ್ತೇನಿ ಅಂದಿದ್ಲಲ್ರಿ? ಆಕಿ ಸೇರಿದ್ರ ಹತ್ತು ಆಗಬೇಕಿತ್ತು.”

“ಬಂದಂಗಿಲ್ಲ ನೋಡ್ರಿ ಸರ್,” ಎಂದೆ.

“ಹುಡುಗ್ರು ಅಂದ್ರ ಹಂಗ. ಒಂದು ದಿನ ಹುರುಪ, ಮರುದಿನ ಮರೆವು,” ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಹೋದರು. ಮುಂದಿನ ವರ್ಷ ಅವರು ನಮ್ಮಲ್ಲಿಗೆ ಬರಲಿಲ್ಲ. ಮುದ್ದೇಬಿಹಾಳದ ಕಡೆ ಒಂದು ಕಾಲೇಜಿಗೆ ಹೋದರು. ಸ್ಟಾಫ್ ರೂಮಿನಲ್ಲಿ ಅವರು ಕಟ್ಟಿದ ದಾರ ಇನ್ನೂ ಹಾಗೇ ಇದೆ, ಈಗ ಅದರ ಮೇಲೆ ಕೈ ಒರೆಸುವ ಟಾವೆಲು ಇರುತ್ತದೆ.

ಪಟ್ಟಿ ಹಚ್ಚಿದ ದಿನ ಹುಡುಗಿ ಕೌಂಟರಿಗೆ ಬಂದಳು. “ಅಕ್ಕಾರ, ನಾ ಬ್ಯಾರೆ ಬರದಿದ್ದೆ. ಎಕನಾಮಿಕ್ಸ್ ಅಂತ ಬಂದೈತಿ.”

“ಸಿಸ್ಟಮ್‌ನ್ಯಾಗ ಹಂಗ ಬಂದೈತವಾ. ನಾವೇನ ಮಾಡಾಕ ಬರಂಗಿಲ್ಲ,” ಎಂದೆ.

ಆಫೀಸಿನವರೆಲ್ಲ ಆಡುವ ಮಾತು ಅದು. ಆ ಮಾತಿನ ಮುಂದೆ ಯಾರೂ ನಿಂತು ವಾದ ಮಾಡುವುದಿಲ್ಲ. ಆಕೆಯೂ ಮಾಡಲಿಲ್ಲ. “ಹೋಗ್ಲಿ ಬಿಡ್ರಿ,” ಎಂದು ಹೋದಳು. ನಾನು ಚಹಾ ಕುಡಿದೆ.

ಆ ಮಾತನ್ನೇ ಒಂದೂವರೆ ವರ್ಷ ಜೋಪಾನ ಮಾಡಿಟ್ಟುಕೊಂಡು, ಶಿಕ್ಕಾ ಒತ್ತಿ ಕೊಡಿರೆಂದು ಇವತ್ತು ತಿರುಗಿ ತಂದಿದ್ದಳು.

ಊಟದ ಹೊತ್ತಾಯಿತು. ಸಿಪಾಯಿ ಡಬ್ಬಿ ಹಿಡಿದು ಹೊರಗೆ ಹೋದ. ನಾನು ರೆಕಾರ್ಡ್ ಕೋಣೆಯ ಬೀಗ ತೆಗೆದೆ. ಹುಡುಗಿಯನ್ನು ಜೊತೆಗೆ ಕರೆದೆ. ಕಪಾಟಿನ ಕೆಳಗಿನ ಅರೆಯಲ್ಲಿ ಆ ವರ್ಷದ ಗಂಟು ಇತ್ತು. ನನ್ನದೇ ದಾರ, ನನ್ನದೇ ಕಗ್ಗಂಟು. ಉಗುರಿನಿಂದ ಬಿಚ್ಚಿದೆ. ನಡುವಿನಿಂದ ಅವಳ ಅರ್ಜಿ ತೆಗೆದು ಕೈಗೆ ಕೊಟ್ಟೆ. ವೈಟ್ನರ್ ಹಳದಿಯಾಗಿ ಬಿರುಕು ಬಿಟ್ಟಿತ್ತು.

ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಿಳಿಯ ಕೆಳಗೆ ನೀಲಿ ಅಕ್ಷರಗಳು ಮಬ್ಬಾಗಿ ಕಂಡವು.

“ಮ್ಯಾಲಿಂದು ನನ್ನ ಅಕ್ಷರ ಅಲ್ರಿ,” ಎಂದಳು.

“ನಂದವಾ. ಸಿಸ್ಟಮ್ ಅಲ್ಲ. ನಾನ ಅಳಿಸಿ ಬರದೀನಿ.”

ಆಕೆ ನನ್ನ ಮುಖ ನೋಡಿದಳು. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. “ಯಾಕ್ರಿ ಅಕ್ಕಾರ?” ಎಂದಳು ಅಷ್ಟೆ.

ಹೇಳಿದೆ. ಕೊನೆಯ ತಾಸು, ಒಬ್ಬಳೇ, ನಾಲ್ಕೂ ಕಾಲಿನ ಬಸ್ಸು. ಬಾಯಿಯಿಂದ ಹೊರಬಿದ್ದಾಗ ಅವು ಎಷ್ಟು ಸಣ್ಣವಾಗಿ ಕೇಳಿದವು! ಒಂಬತ್ತು ಮಂದಿಯ ಮಾತನ್ನೂ ಹೇಳಿದೆ. ಅರ್ಧ ತಾಸಿನ ಮಾತನ್ನೂ ಬಿಡಲಿಲ್ಲ.

“ಬಸ್ಸಿನ ಸಲುವಾಗೇನ್ರಿ?” ಎಂದಳು. “ಅಬ್ಬಾನ ಗಾಡಿ ದಿನಾ ಸಂಜಿ ಐದಕ್ಕ ಮಾರ್ಕೆಟ್‌ದಿಂದ ಖಾಲಿ ಊರಿಗೆ ಹೋಗ್ತಿತ್ರಿ. ನಾ ಅದರಾಗ ಹೋಗ್ತಿದ್ದೆ. ಕೇಳಿದ್ರ ಹೇಳ್ತಿದ್ನೆಲ್ರಿ.”

ನಾನು ಗಂಟಿನ ಉಳಿದ ಅರ್ಜಿಗಳನ್ನು ಜೋಡಿಸಿದೆ.

“ಒಂದೂವರಿ ವರ್ಷ ಸಿಸ್ಟಮ್‌ಗೆ ಬೈದೀನ್ರಿ ನಾ,” ಎಂದಳು. ನಗಲು ನೋಡಿದಳು, ಆಗಲಿಲ್ಲ.

ನಾನು ಮೇಜಿಗೆ ಬಂದು ಪತ್ರ ಬರೆದೆ. ಈ ವಿದ್ಯಾರ್ಥಿನಿ ಶಾಸನಗಳ ಪತ್ರಿಕೆಯನ್ನು ಆರಿಸಿದ್ದಳು, ಆಕೆಗೆ ತಿಳಿಸದೆ ಅದನ್ನು ಬದಲಿಸಿದವಳು ನಾನು, ಆಕೆಯದೇನೂ ತಪ್ಪಿಲ್ಲ. ನಾಲ್ಕು ಸಾಲು. ಪ್ರಿನ್ಸಿಪಾಲರಿಗೆ ಕೊಟ್ಟೆ. ಓದಿ ಕನ್ನಡಕ ತೆಗೆದರು.

“ಏನ್ರೀ ಇದು? ಸಿಸ್ಟಮ್ ತಪ್ಪು ಅಂತ ಬರೀರಿ, ನಾನೂ ಸಹಿ ಮಾಡ್ತೇನಿ. ಯಾರಿಗೂ ತ್ರಾಸಿಲ್ಲ.”

“ಬ್ಯಾಡ್ರಿ ಸರ್. ಅದನ್ನ ಒಮ್ಮೆ ಹೇಳಿ ಆಗೈತಿ.”

“ನಾಳೆ ಮ್ಯಾಲಿನವ್ರು ನಿಮಗ ನೋಟೀಸು ಕೊಟ್ರ?”

“ಕೊಡ್ಲಿ ರೀ.”

ಕನ್ನಡಕ ಮತ್ತೆ ಹಾಕಿಕೊಂಡು ಸಹಿ ಮಾಡಿದರು. ಮೊದಲು ಫೋನ್ ಮಾಡಿ ಕೇಳಿರಿ, ಸುಮ್ಮನೆ ಹುಡುಗಿಯನ್ನು ಅಷ್ಟು ದೂರ ಓಡಾಡಿಸಬೇಡಿ ಎಂದರು. ವಿಶ್ವವಿದ್ಯಾಲಯದ ಆಫೀಸಿಗೆ ಫೋನ್ ಹಚ್ಚಿ, ಹುಡುಗಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಆ ಕಡೆ ನನ್ನಂಥ ಹೆಂಗಸೇ ಇದ್ದಳು. ಹಿಂದೆ ಶಿಕ್ಕಾ ಒತ್ತುವ ಸಪ್ಪಳ ಕೇಳುತ್ತಿತ್ತು. ಪತ್ರ ಓದಿ ಹೇಳಿದೆ, ಪೂರ್ತಿ ಕೇಳಿಸಿಕೊಂಡಳು.

“ಪತ್ರ ಚಲೋ ಬರದೀರಿ ಮೇಡಂ. ಆದ್ರ ಹುಡುಗಿ ಆ ಪೇಪರ್ ಓದಿಲ್ಲಲ್ರಿ? ತಪ್ಪು ಯಾರದ ಇರ್ಲಿ, ಓದಿಲ್ಲಂದ್ರ ಓದಿಲ್ಲ. ಅರ್ಜಿ ತಗೋಳಾಕ ಬರಂಗಿಲ್ರಿ.”

“ಬ್ಯಾರೆ ದಾರಿ ಏನರ…”

“ಇಲ್ರಿ ಮೇಡಂ. ನಿಮಗ ಗೊತ್ತಿರಲಾರದ್ದೇನು.”

ನನಗೆ ಗೊತ್ತಿತ್ತು. ಇಂಥ ಎಷ್ಟೋ ಅರ್ಜಿಗಳನ್ನು ನಾನೂ ಇದೇ ದನಿಯಲ್ಲಿ ತಿರುಗಿ ಕಳಿಸಿದ್ದೇನೆ.

ಫೋನ್ ಇಟ್ಟೆ. ಹುಡುಗಿ ಕೌಂಟರಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದಳು. ಗೀಚುವುದನ್ನು ನಿಲ್ಲಿಸಿ, “ನಂದು ಟಿ.ಸಿ. ಕೊಡ್ರಿ ಹಂಗಾದ್ರ,” ಎಂದಳು. ಹೊಸ ಹಾಳೆ ತೆಗೆದು ಬರೆದೆ. ಪ್ರತಿ ಅಕ್ಷರವನ್ನೂ ಎರಡು ಸಲ ನೋಡಿದೆ.

“ಮುಂದ ಏನ ಮಾಡ್ತೀಯವಾ?”

“ಅಬ್ಬಾ ಎಂ.ಕಾಂ. ಮಾಡು ಅಂದಾರ. ಮಾಡ್ತೇನಿ.” ಆಮೇಲೆ ಆ ಹಳೆಯ ಅರ್ಜಿಯನ್ನು ತೋರಿಸಿ, “ಇದರದೊಂದು ಜೆರಾಕ್ಸ್ ಕೊಡ್ತೀರೇನ್ರಿ?” ಎಂದಳು.

“ಅದೇನು ಉಪಯೋಗಕ್ಕ ಬರಂಗಿಲ್ಲಲ್ಲವಾ.”

“ಇರ್ಲಿ ರೀ. ನಾ ಕೇಳಿದ್ದು ಖರೇ ಅಂತ ನನಗರ ಗೊತ್ತಿರ್ಲಿ.”

ಜೆರಾಕ್ಸಿನಲ್ಲಿ ಬಿಳಿಯ ಕೆಳಗಿನ ಅಕ್ಷರ ಬರಲಿಲ್ಲ. ಒಂದು ಮಾಸಲು ಕಲೆ, ಅದರ ಮೇಲೆ ನನ್ನ ಅಕ್ಷರ, ಇಷ್ಟೇ ಬಂತು. ಮತ್ತೊಮ್ಮೆ ಗಾಢವಾಗಿ ತೆಗೆದೆ, ಆಗಲೂ ಅಷ್ಟೇ. ಆಗ ನಾನು ಮೂಲ ಅರ್ಜಿಯನ್ನೇ ಅವಳಿಗೆ ಕೊಟ್ಟು ಜೆರಾಕ್ಸನ್ನು ಗಂಟಿಗೆ ಸೇರಿಸಿದೆ. ನಿಯಮಕ್ಕೆ ವಿರುದ್ಧ, ಗೊತ್ತು. ಅದರ ಬೆನ್ನಿನ ಮೇಲೆ ಇತಿಹಾಸದ ಮಾಸ್ತರ ಫೋನ್ ನಂಬರು ಬರೆದುಕೊಟ್ಟೆ. “ಮುದ್ದೇಬಿಹಾಳದ ಕಡೆ ಅದಾರ. ಫೋನ್ ಮಾಡು. ಕಲಸ್ತಾರ. ನಿನ್ನ ಅರ್ಜಿ ಬಂದಿತ್ತು ಅಂತ ನಾನೂ ಅವ್ರಿಗೆ ಹೇಳೂದೈತಿ.”

“ನೋಡ್ತೇನ್ರಿ,” ಎಂದಳು. ಮಾಡುತ್ತೇನೆ ಎನ್ನಲಿಲ್ಲ. ಕಾಗದ ಮಡಚಿ ಪುಸ್ತಕದಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಲಿಂಬೆಯ ಚೀಲ ಕೌಂಟರಿನ ಮೇಲೇ ಉಳಿದಿತ್ತು. ನಾನು ಅದನ್ನು ಹಿಡಿದುಕೊಂಡು ವರಾಂಡಕ್ಕೆ ಓಡಿದೆ.

“ತಂಗೀ, ಚೀಲಾ!”

ಆಕೆ ತಿರುಗಿ ನೋಡಿದಳು. “ಇರ್ಲಿ ರೀ ಅಕ್ಕಾರ. ತಿರುಗಿ ಒಯ್ದ್ರ, ಯಾಕ ತಂದಿ ಅಂತ ಅಬ್ಬಾ ಕೇಳ್ತಾರ. ಏನಂತ ಹೇಳ್ಲಿ?”

ಸಂಜೆ ಮನೆಗೆ ಬಂದು ಹುರಿದಿಟ್ಟ ಶೇಂಗಾ ಕುಟ್ಟಿದೆ. ಇತಿಹಾಸದ ಮಾಸ್ತರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ, ಬಸ್ಸಿನಲ್ಲಿದ್ದರೇನೋ. ನಾಳೆ ಮತ್ತೆ ಹಚ್ಚಬೇಕು.

ಊಟಕ್ಕೆ ಮುಂಜಾನೆಯ ರೊಟ್ಟಿ, ಹೆಸರುಕಾಳಿನ ಪಲ್ಯ, ಹೊಸ ಚಟ್ನಿ, ಮೊಸರು, ಒಂದು ಹಿಡಿ ಅನ್ನ. ಅತ್ತೆ ಒಂದೂವರೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಂಡರು. ಯಜಮಾನರು ಪಲ್ಯಕ್ಕೆ ಅರ್ಧ ಲಿಂಬೆಹಣ್ಣು ಹಿಂಡಿಕೊಂಡರು.

“ರಸ ಭಾಳ ಐತಿ. ಎಲ್ಲಿವು?”

“ಸಾಲೋಟಗಿವು. ಟಿ.ಸಿ. ಒಯ್ಯಾಕ ಬಂದ ಹುಡುಗಿ ಕೊಟ್ಲು.”

“ಚಲೋ ಹುಡುಗಿ ಕಾಣ್ತಾಳ.”

“ಹೌದ್ರಿ,” ಎಂದೆ. ಉಳಿದರ್ಧ ಹಣ್ಣನ್ನು ನನ್ನ ತಾಟಿನ ಕಡೆ ಸರಿಸಿದರು. ನಾನು ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದೆ. ಹಣ್ಣು ಹಾಗೇ ಉಳಿಯಿತು. ಮೊದಲು ಮಲಗಿದವರು ಅತ್ತೆ, ನಾನು ತಾಟು ತೊಳೆಯುವಷ್ಟರಲ್ಲಿ. ಅವರ ಹಿಂದೆ ಯಜಮಾನರು. ನಾನು ಇದನ್ನು ಬರೆಯುತ್ತ ಕುಳಿತಿದ್ದೇನೆ.